ಒಂದೇ ಕೂಗಿಗೆ

ಸಾವಿರದ ಒಂಬೈನೂರ ಐವತ್ನಾಲ್ಕರ ಕಾರ್ತಿಕ ಮಾಸ. ಗುಂಡ್ಲುಪೇಟೆಯ ಮಿಶನ್ ಆಸ್ಪತ್ರೆಯ ಮುಂದೆ ಮುದ್ದಯ್ಯ ಗಾಡಿ ಕಟ್ಟಿಕೊಂಡು ನಿಂತಿದ್ದ. ಗಾಡಿಯೊಳಗೆ ನರ್ಸ್ ಸಿಸ್ಟರ್ ಗ್ಲಾಡಿಸಳ ಟ್ರಂಕು ಕೂತಿತ್ತು. ಚಾಮರಾಜನಗರದ ರೈಲು, ಬೊಂಬಾಯಿಯ ಹಡಗು, ಆಮೇಲೆ ವೇಲ್ಸ್ ಎಂಬ ಮಳೆಯ ಸೀಮೆ. ಅಲ್ಲಿ ಹಾಸಿಗೆ ಹಿಡಿದ ತಾಯಿ ಮಗಳ ದಾರಿ ಕಾಯುತ್ತಿದ್ದಳು.

ಅಷ್ಟರಲ್ಲಿ ಮಾದೇವ ಏದುಸಿರು ಬಿಡುತ್ತ ಓಡಿಬಂದ. ಗೋಪಾಲಸ್ವಾಮಿ ಬೆಟ್ಟದ ಹಿಂದೆ, ಕಾಡಿನ ದನದ ದೊಡ್ಡಿಯಲ್ಲಿ ಅವನ ಹೆಂಡತಿ ಚಿಕ್ಕಮಾದಮ್ಮನಿಗೆ ನಿನ್ನೆಯಿಂದ ಹೆರಿಗೆ ನೋವು.

"ಕೂಸು ಅಡ್ಡ ನಿಂತದಂತೆ ಕಣ್ರವ್ವಾ. ಸೂಲಗಿತ್ತಿ ಕೈ ಚೆಲ್ಬುಟ್ಲು."

ಹೊತ್ತು ಮುಳುಗುವುದರೊಳಗೆ ಅವಳನ್ನು ತಂದು ಡಾಕ್ಟರ ಮೇಜಿನ ಮೇಲೆ ಮಲಗಿಸಿದರೆ ಎರಡು ಜೀವ ಉಳಿದಾವು. ಇಲ್ಲದಿದ್ದರೆ ಎರಡೂ ಇಲ್ಲ. ಗ್ಲಾಡಿಸ್ ಟ್ರಂಕಿನ ಕಡೆ ಒಮ್ಮೆ ನೋಡಿದಳು.

"ಮುದ್ದಯ್ಯ, ದಯವಿಟ್ಟು ಎತ್ತುಗಳನ್ನು ಬೆಟ್ಟದ ಕಡೆಗೆ ತಿರುಗಿಸಿರಿ."

"ರೈಲು ಒಂಟೋಯ್ತದಲ್ರವ್ವಾ!"

"ಹೋಗಲಿ."

ಮುದ್ದಯ್ಯ ತಲೆ ತಗ್ಗಿಸಿದ. ಅವನ ಹೆದರಿಕೆ ರೈಲಿನದಲ್ಲ, ಬೆಟ್ಟದ್ದು. ಹೋದ ವರ್ಷ ಅದೇ ಬೆಟ್ಟದ ಮಂಜಿನಲ್ಲಿ ಗ್ಲಾಡಿಸಳ ಜೊತೆಗಾತಿ ಸಿಸ್ಟರ್ ಐರೀನ್ ದಾರಿ ತಪ್ಪಿ, ಅವನ ಹೆಸರು ಹಿಡಿದು ಎರಡು ಸಲ ಕೂಗಿದ್ದಳು. ಅವನಿಗೆ ಕೇಳಿಸಿತ್ತು. ಆದರೆ ಕಾಡಿನಲ್ಲಿ ಯಾರೇ ಕೂಗಲಿ, ಮೂರನೆಯ ಕೂಗಿನ ತನಕ ಓಗೊಡಬಾರದು; ಸತ್ತವರಿಗೆ ಮೂರು ಸಲ ಕೂಗಲು ಆಗುವುದಿಲ್ಲ ಎಂಬುದು ಅವನ ಊರ ಕಡೆಯ ಕಟ್ಟಳೆ. ಅವನು ಮೂರನೆಯದಕ್ಕೆ ಕಾದ. ಅದು ಬರಲೇ ಇಲ್ಲ. ಮಾರನೆಯ ದಿನ ಐರೀನ್ ಸಿಕ್ಕಿದಾಗ ಮೈ ಕೆಂಡದಂಥ ಜ್ವರ. ಆಸ್ಪತ್ರೆಯ ಹಿಂದಿನ ಹೊಂಗೆ ಮರದಡಿ ಅವಳನ್ನು ಮಣ್ಣು ಮಾಡಿದರು. ಅಂದಿನಿಂದ ಮುದ್ದಯ್ಯ ಗ್ಲಾಡಿಸಳ ಮುಖ ನೋಡಿ ಮಾತಾಡಿದ್ದಿಲ್ಲ.

ಗಾಡಿಜಾಡು ಮುಗಿದಲ್ಲಿ ಎತ್ತು ಬಿಚ್ಚಿ ಮೂವರೂ ನಡೆದರು. ಆಳೆತ್ತರದ ಲಾಂಟಾನ ಪೊದೆ, ಅದರಾಚೆ ಒಂದಕ್ಕೊಂದು ಉಜ್ಜಿ ನರಳುವ ಬಿದಿರ ಮೆಳೆ. ಬೆಟ್ಟದ ನೆತ್ತಿಯಿಂದ ಮಂಜು ಒದ್ದೆ ಕಂಬಳಿಯ ಹಾಗೆ ಜಾರಿ ಬರುತ್ತಿತ್ತು. ದಾರಿಯಲ್ಲಿ ಬಿದ್ದ ಆನೆ ಲದ್ದಿ ಇನ್ನೂ ಹಬೆಯಾಡುತ್ತಿತ್ತು.

"ಮೆತ್ಗೆ ನಡೀಲಾ ಮಾದೇವ. ದನ ಅಟ್ಕಂಡು ಓಯ್ತಾ ಇದ್ದೀಯೇನ್ಲಾ?"

"ನಿನ್ನೆಂಡ್ರಾಗಿದ್ರೆ ನೀನು ಆರ್ಕಂಡೇ ಓಯ್ತಿದ್ದೆ, ಸುಮ್ಕಿರಣ್ಣ."

ದೊಡ್ಡಿಯಲ್ಲಿ ಗ್ಲಾಡಿಸ್ ಮರದ ಕೊಳವೆಯನ್ನು ಬಸುರಿಯ ಹೊಟ್ಟೆಗಿಟ್ಟು ಕಿವಿಗೊಟ್ಟಳು. ಒಳಗೆ ಕೂಸಿನ ಎದೆ ಗುಬ್ಬಿಯ ಹಾಗೆ ಬಡಿಯುತ್ತಿತ್ತು. "ಇದೆ. ಎತ್ತಿರಿ!"

ಕಂಬಳಿಯನ್ನು ಬಿದಿರಿಗೆ ಜೋಲಿ ಕಟ್ಟಿ ಹೊತ್ತರು. ಅರ್ಧ ಇಳಿಜಾರಿನಲ್ಲಿ ಬಿದಿರು ಲಟಕ್ಕೆಂದು ಮುರಿಯಿತು.

"ಬಂಡೆ ಮರೇಲಿ ಕೂತಿರಿ ಅವ್ವಾ. ಬ್ಯಾರೆ ಬಿದ್ರು ಕಡ್ಕಂಡು ಬತ್ತೀವಿ," ಎಂದ ಮುದ್ದಯ್ಯ. ಅವನು ಕಡಿಯುವಾಗ ಆನೆ ಬಂದರೆ ಎಂದು ಕಾವಲಿಗೆ ಮಾದೇವನೂ ಹೋದ.

ಅವರು ಹೋದದ್ದೇ ತಡ, ಮಂಜು ಕವಿಯಿತು. ಚಾಚಿದ ಕೈ ಕಾಣದಷ್ಟು ಬಿಳುಪು. ಹೋದವರು ಬರಲಿಲ್ಲ.

"ಕೂಗ್ರವ್ವಾ," ಎಂದು ನರಳಿದಳು ಚಿಕ್ಕಮಾದಮ್ಮ.

ಗ್ಲಾಡಿಸ್ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಬಂಡೆಯಾಚೆ ಇನ್ನೊಂದು ಉಸಿರು ಕೇಳಿಸಿತು. ದೊಡ್ಡದು. ಬಿಸಿಯದು.

ಒಂಟಿ ಸಲಗ.

ಗ್ಲಾಡಿಸ್ ಬಸುರಿಯ ಬಾಯಿಯನ್ನು ಒಂದು ಅಂಗೈಯಿಂದ ಅದುಮಿದಳು, ತನ್ನದನ್ನು ಇನ್ನೊಂದರಿಂದ. ನೋವು ಬಂತು. ಚಿಕ್ಕಮಾದಮ್ಮ ಆ ಕೈಯನ್ನು ರಕ್ತ ಬರುವಂತೆ ಕಚ್ಚಿದಳು. ಇಬ್ಬರೂ ಪಿಟ್ಟೆನ್ನಲಿಲ್ಲ.

ಸೊಂಡಿಲು ಬಂಡೆಯ ನೆತ್ತಿಯನ್ನು ತಡವಿತು.

ಆಗ ಮಂಜಿನೊಳಗಿಂದ ಮುದ್ದಯ್ಯನ ಅರಚಾಟ: "ಓಓಓ! ಬಂದೆ! ಯಾರಾರಾಗ್ಲಿ, ಬಂದೆ!" ಜೊತೆಗೆ ಬಿದಿರಿಗೆ ಮಚ್ಚು ಬಡಿಯುವ ಟಣಟಣ ಸದ್ದು. ಸಲಗ ಕಿವಿ ಬೀಸಿತು, ತಿರುಗಿತು, ಮೆಳೆ ಮುರಿದುಕೊಂಡು ಕೆಳಗಿಳಿದು ಹೋಯಿತು.

ಹೊತ್ತು ಮುಳುಗುವ ಮುಂಚೆ ಜೋಲಿ ಗಾಡಿಗೇರಿ ಆಸ್ಪತ್ರೆ ತಲುಪಿತು. ದೀಪ ಹಚ್ಚುವ ಹೊತ್ತಿಗೆ ಒಳಗೆ ಕೂಸು ಅತ್ತಿತು. ಹೆಣ್ಣು. ತಾಯಿ ಗಂಜಿ ಕೇಳಿದಳು. ಮಾದೇವ ಜಗಲಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಗ್ಲಾಡಿಸ್ ಕೈಗೆ ಪಟ್ಟಿ ಸುತ್ತಿಕೊಂಡು ಹೊರಬಂದಳು. ಒಂದು ವರ್ಷದ ಮೇಲೆ ಮುದ್ದಯ್ಯ ಅವಳ ಮುಖ ನೋಡಿದ.

"ಈ ಸಲ ಮೂರನೇದಕ್ಕೆ ಕಾಯ್ನಿಲ್ಲ ಕಣ್ರವ್ವಾ. ದೆವ್ವಾನಾರ ಆಗ್ಲಿ ಅಂದ್ಕಂಡು ಒಂದೇ ಕೂಗ್ಗೆ ಓ ಅಂದ್ಬುಟ್ಟೆ. ಆ ದನಿ ಬಂದ್ ಕಡೀಕೆ ಓಡ್ದೆ, ಬಂಡೆ ಸಿಕ್ತು. ಒಳ್ಳೇ ಟೇಮಿಗೆ ಕೂಗುದ್ರಿ ನೀವು!"

ಗ್ಲಾಡಿಸ್ ತನ್ನ ಕೈ ನೋಡಿಕೊಂಡಳು. ಪಟ್ಟಿಯೊಳಗೆ ಹಲ್ಲಿನ ಗಾಯ ಮಿಡಿಯುತ್ತಿತ್ತು. ಬಂಡೆಯ ಮರೆಯಲ್ಲಿ ಯಾರೂ ಕೂಗಿರಲಿಲ್ಲ.

"ಕೇಳಿಸಿತಲ್ಲ ಮುದ್ದಯ್ಯ. ಅಷ್ಟೇ ಸಾಕು," ಎಂದಳು. ಅವನು ಹಗುರಾಗಿ ಎತ್ತುಗಳ ಕಡೆ ಹೋದ. ಅವಳು ಒಂದು ಲಾಟೀನು ಹಚ್ಚಿ ಹೊಂಗೆ ಮರದಡಿ ಇಟ್ಟು ಬಂದಳು.

ಟ್ರಂಕು ಗಾಡಿಯಿಂದ ಕೆಳಗಿಳಿಯಿತು. ಹಡಗು ಅವಳನ್ನು ಬಿಟ್ಟು ಹೋಯಿತು. ಮುಂದಿನದಕ್ಕೆ ಜಾಗ ಸಿಗುವುದರೊಳಗೆ ವೇಲ್ಸಿನಿಂದ ತಂತಿ ಬಂತು: ತಾಯಿ ಇನ್ನಿಲ್ಲ. ಗ್ಲಾಡಿಸ್ ಅದನ್ನು ಓದಿ, ಮಡಚಿ ಜೇಬಿಗಿಟ್ಟು, ವಾರ್ಡಿನಲ್ಲಿ ಉಳಿದಿದ್ದವರಿಗೆಲ್ಲ ಔಷಧಿ ಕೊಟ್ಟು ಮುಗಿಸಿದಳು.

ಆ ಸಂಜೆ ಚಿಕ್ಕಮಾದಮ್ಮ ಕೂಸನ್ನು ತೋರಿಸಲು ಬಂದು ಜಗಲಿಯಲ್ಲಿ ಕೂತಿದ್ದಳು. ಬೆಟ್ಟದ ಮಂಜು ಹಿತ್ತಲವರೆಗೂ ಇಳಿದಿತ್ತು. ಗ್ಲಾಡಿಸ್ ಥಟ್ಟನೆ ತಲೆಯೆತ್ತಿ ಅತ್ತ ತಿರುಗಿದಳು.

"ಯಾರೂ ಕೂಗ್ನಿಲ್ವಲ್ರವ್ವಾ," ಎಂದಳು ಚಿಕ್ಕಮಾದಮ್ಮ.

ಗ್ಲಾಡಿಸ್ ಎರಡನೆಯದಕ್ಕೆ ಕಾಯಲಿಲ್ಲ. "ಓ," ಎಂದಳು, ತನ್ನ ತಾಯಿಯ ಮಾತಿನಲ್ಲಿ ಏನೋ ಮೆಲ್ಲಗೆ ಸೇರಿಸಿದಳು. ಆಮೇಲೆ ಕೂಸನ್ನು ಎತ್ತಿಕೊಂಡು ತೂಕ ನೋಡಲು ಒಳಗೆ ಹೋದಳು.