ಶ್ರುತಿ ಸರಿಯಿದ್ದ ಪಿಯಾನೋ

ಮೂರನೇ ಮಹಡಿಯ ಬಾಡಿಗೆದಾರ ಲಿಂಡ್ನರ್‌ನ ಪಿಯಾನೋ ಮತ್ತೆ ಕೆಟ್ಟಿದೆಯೆಂದು ಮನೆಯೊಡತಿ ಫ್ರೌ ನೊವೋಟ್ನಿ ಹೇಳಿಕಳಿಸಿದ್ದಳು. ಅಪ್ಪನ ಕೈ ನಡುಗತೊಡಗಿದ ಮೇಲೆ ವಿಯೆನ್ನಾದ ಈ ಬೀದಿಯ ಪಿಯಾನೋಗಳನ್ನು ಶ್ರುತಿ ಮಾಡುವ ಕೆಲಸ ನನ್ನದೇ. ಹೋದೆ.

ಒಂದೊಂದು ತಂತಿಯನ್ನೂ ಪರೀಕ್ಷಿಸಿದೆ. ಹೋದ ಸಲದಂತೆ ಈ ಸಲವೂ ಎಲ್ಲ ಸರಿಯಾಗಿತ್ತು.

“ಪಿಯಾನೋಗೆ ಏನೂ ಆಗಿಲ್ಲ, ಹೆರ್ ಲಿಂಡ್ನರ್. ಕೆಟ್ಟಿರೋದು ನಿಮ್ಮ ಸಂಗೀತ.”

“ಗೊತ್ತು. ಮನೆಯೊಡತಿ ದೂರು ಕೊಡ್ಲಿ ಅಂತಾನೇ ಕಿಟಕಿ ತೆಗೆದು ನುಡಿಸ್ತೀನಿ. ಇಲ್ದಿದ್ರೆ ನೀವು ಬರಲ್ವಲ್ಲ, ಒಟಿಲೀ.”

ಹೇಳಿದವನು ನನ್ನ ಮುಖ ಬಿಟ್ಟು ನನ್ನ ಕೈಗವಸುಗಳನ್ನು ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. ನನಗೆ ಕೋಪ ಬಂತೋ ಖುಷಿಯಾಯಿತೋ, ಆ ಹಾಳು ಗೊಂದಲದಲ್ಲಿ ಇರುವುದನ್ನು ಹೇಳಿಬಿಟ್ಟೆ.

“ಲಿಂಟ್ಸ್‌ನ ಪಿಯಾನೋ ಅಂಗಡಿಯವರು ನನ್ನ ಮದುವೆಗೆ ಕೇಳಿದಾರೆ. ಭಾನುವಾರ ಉತ್ತರ ಕೊಡ್ಬೇಕು.”

ಅವನು ನುಡಿಸಲು ಕೂತ. ರಾಗದ ಮನೆಯಾದ ಷಡ್ಜಕ್ಕಾಗಿ ನಾನು ಕಾದೆ. ಹುಟ್ಟಿದಾಗಿನಿಂದ ಕಿವಿಗೆ ಅಭ್ಯಾಸವಾದದ್ದು ಅದೇ, ಎಲ್ಲಿ ಸುತ್ತಿದರೂ ಕೊನೆಗೆ ರಾಗ ಮನೆಗೆ ಬರುತ್ತದೆ. ಇದು ಬರಲೇ ಇಲ್ಲ. ಅವನು ಕೈ ತೆಗೆದರೂ ಮುಗಿಯಿತೆಂದು ನನಗೆ ತಿಳಿಯಲಿಲ್ಲ.

“ಇಂಥದ್ದು ಎಲ್ಲಿಂದ ಬಂತು ನಿಮ್ಗೆ?”

“ಹಿಂದಿನ ಸಂಗೀತಗಾರರಿಂದಾನೇ. ಪ್ರೇಮದ ಹಾಡಲ್ಲಿ ಕೇಳೋರು ಹಂಬಲಿಸ್ಲಿ ಅಂತ ಆ ಮನೆ ಸ್ವರನ ತಡ ಮಾಡ್ತಾ ಬಂದ್ರು. ತಡ ಮಾಡಿ ಮಾಡಿ ಮನೆ ದಾರೀನೇ ಮರೆತುಹೋಯ್ತು. ನನ್ನ ಪಾಲಿಗೆ ಉಳಿದಿದ್ದು ಹಂಬಲ ಒಂದೇ.” ಅವನು ಕೇಳಿದ, “ಚೆನ್ನಾಗಿತ್ತಾ?”

“ಇಲ್ಲ. ಏನೋ ಬೇಕು ಅನ್ನಿಸ್ತು, ಏನೂಂತ ಗೊತ್ತಿಲ್ಲ.”

“ಲಿಂಟ್ಸ್‌ನೋರನ್ನ ನೆನೆಸ್ಕೊಂಡ್ರೆ?”

ಪ್ರಾಮಾಣಿಕವಾಗಿ ನೆನೆಸಿಕೊಂಡೆ. ಒಳ್ಳೆಯ ಮನುಷ್ಯ, ತುಂಬಿದ ಅಂಗಡಿ.

“ಏನೂ ಅನ್ಸಲ್ಲ.”

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಬೆಂಚಿನ ತುದಿಯಲ್ಲಿ ಅವನ ಪಕ್ಕ ಕೂತೆ.

“ಆ ಮದುವೆ ಬೇಡ ಅಂತ ಅಪ್ಪಂಗೆ ಹೇಳ್ತೀನಿ. ಹಾಗಂತ ನಿಮ್ಮನ್ನ ಒಪ್ಪಿದೀನಿ ಅಂದ್ಕೋಬೇಡಿ. ನಂಗೆ ಏನೂ ಅರ್ಥ ಆಗ್ತಿಲ್ಲ. ಇನ್ನೊಂದ್ಸಲ ನುಡಿಸಿ.”

ನುಡಿಸಿದ. ಈ ಸಲವೂ ಅರ್ಥವಾಗಲಿಲ್ಲ. ಅಳು ಮಾತ್ರ ಬಂತು, ಅವನಿಗೆ ಕಂಡರೆ ಕಾಣಲಿ ಎಂದು ಒರೆಸಿಕೊಳ್ಳದೆ ಕೂತಿದ್ದೆ.