ಮೂಗಿಗೆ ಎರಡು ಹನಿ

೨೦೬೧ರ ಹುಬ್ಬಳ್ಳಿ. ತೆರೆದ ಮ್ಯಾನ್‌ಹೋಲಿನ ಬಾಯಲ್ಲೇ ಕೂತು ಗಾಳೆವ್ವ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದಳು. ಅವಳ ಕಾಲಿಗೆ ಸುತ್ತಿದ ಹಗ್ಗದ ಇನ್ನೊಂದು ತುದಿಯಲ್ಲಿ, ಕೆಳಗೆ, ಊರಿನ ಹೇಲುಚ್ಚೆಯಲ್ಲಿ ಎದೆಮಟ ನಿಂತು ತಮ್ಮ ಭರಮಪ್ಪ ಕಸ ಎತ್ತುತ್ತಿದ್ದ. ಇಬ್ಬರಿಗೂ ಏನೂ ನಾರುತ್ತಿರಲಿಲ್ಲ. ಬೆಳಿಗ್ಗೆ ಮೂಗಿಗೆ ಎರಡೆರಡು ಹನಿ ಬಿದ್ದಿತ್ತಲ್ಲ!

ಹನಿ ಕಂಡುಹಿಡಿದ ಡಾ. ವಾರಿಜಾ ಮಾತ್ರ ನಾಲ್ಕು ಮಾರು ದೂರದಲ್ಲಿ ಮೂಗಿಗೆ ಕರವಸ್ತ್ರ ಒತ್ತಿ ನಿಂತಿದ್ದರು. ಆ ರೊಟ್ಟಿ ನೋಡಿಯೇ ಅವರಿಗೆ ವಾಕರಿಕೆ.

“ಅಕ್ಕಾರ, ನಮ್ಮ ಮೂಗಿನ ಜೀನ್ ಕಿತ್ತ್ ಒಗದೀರೇನ್ರೀ?” ಗಾಳೆವ್ವ ಕೇಳಿದಳು.

“ಇಲ್ಲವಾ, ಅದು ಇದ್ದಂಗ ಐತಿ. ಜೀವಕೋಶದಾಗ ಡಿಎನ್ಎ ದಾರ ಪ್ರೋಟೀನಿನ ಗುಂಡುಗಳಿಗೆ ಸುತ್ಕೊಂಡಿರತೈತಿ. ಅದಕ್ಕ ಕ್ರೊಮಾಟಿನ್ ಅಂತಾರ. ಸುತ್ತು ಸಡಿಲ ಇದ್ದ ಕಡೆ ಜೀನ್ ಮಾತಾಡತೈತಿ. ಬಿಗಿ ಸುತ್ತಿನ ಮೂಲ್ಯಾಗ ಹಾಕಿದ್ರ ಅದೇ ಜೀನ್ ಗಪ್ಪ ಆಗತೈತಿ. ನನ್ನ ಹನಿ ವಾಸನಿ ಜೀನುಗಳನ್ನ ಎಂಟು ತಾಸು ಆ ಮೂಲಿಗೆ ದಬ್ಬತೈತಿ, ಅಷ್ಟ.”

ಗಾಳೆವ್ವ ನಕ್ಕಳು. “ನಮ್ಮ ಓಣಿ ಇದ್ದಂಗ ಬಿಡ್ರಿ. ಊರ ನಡುವ ಹುಟ್ಟಿದ್ರ ನಾನೂ ನಿಮ್ಮಂಗ ಮಾತಾಡ್ತಿದ್ದೆ.”

ವಾರಿಜಾ ಕರವಸ್ತ್ರವನ್ನು ಇನ್ನಷ್ಟು ಒತ್ತಿಕೊಂಡರು. ಗುಂಡಿಯಿಂದ ಹೊಸದೊಂದು ನಾತ ಎದ್ದಿತ್ತು. ಕೊಳೆತ ತತ್ತಿಯದು, ಕಾಲೇಜಿನ ಪ್ರಯೋಗಾಲಯದಲ್ಲಿ ನೂರು ಸಲ ಮೂಸಿದ್ದು. ಥೂ, ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಗಾಳೆವ್ವನ ಕಾಲಿನ ಹಗ್ಗ ಜಗ್ಗಿ, ಸುಮ್ಮನಾಯಿತು.

“ಭರಮ್ಯಾ! ಏ ಭರಮ್ಯಾ!”

ದಾರಿಹೋಕರು ಸೇರಿ ಎಳೆದು ಹಾಕುವಷ್ಟರಲ್ಲಿ ಜೀವ ಹೋಗಿತ್ತು. ಗಾಳೆವ್ವ ತಮ್ಮನ ಬಾಯೊಳಗಿನ ಕೆಸರನ್ನು ಬೆರಳಿಂದ ಬಳಿಯುತ್ತಲೇ ಕೇಳಿದಳು.

“ಮದಲ ನಾನು ಮುಚ್ಚಳ ತೆಗದು ಮೂಸಿ ನೋಡ್ತಿದ್ದೆ. ಕೆಟ್ಟ ತತ್ತಿ ನಾತ ಬಂದ್ರ ವಿಷಗಾಳಿ ಅಂತ ಇವನ್ನ ಇಳಿಗೊಡ್ತಿರಲಿಲ್ಲ, ಇಳಿದ ಮ್ಯಾಲ ಬಂದ್ರ ಹಗ್ಗ ಜಗ್ಗಿ ಮ್ಯಾಲ ತಗೀತಿದ್ದೆ. ಇವತ್ತು ನನಗ ಬರಲಿಲ್ಲ. ನಿಮಗ ಬಂತೇನ್ರೀ?”

“ಬಂತು.”

“ಮತ್ತ?”

ವಾರಿಜಾರ ಕರವಸ್ತ್ರ ಇನ್ನೂ ಮೂಗಿನ ಮೇಲೇ ಇತ್ತು.

ಮರುದಿನ ಅವರು ತಮ್ಮದೇ ಮೂಗಿನ ಕೋಶಗಳನ್ನು ತೆಗೆದು ಯಂತ್ರದಡಿ ಇಟ್ಟರು. ಒಂದು ಜೀನಾದರೂ ಎಲ್ಲೋ ಬಿಗಿ ಸುತ್ತಿನಲ್ಲಿ ಸಿಕ್ಕಿರಲಿ, ಅದರ ಮೇಲೆ ತಪ್ಪು ಹೊರಿಸೋಣ ಎಂಬ ಆಸೆ. ಮೂರು ಸಲ ನೋಡಿದರು. ತೆರೆದಿರಬೇಕಾದದ್ದೆಲ್ಲ ತೆರೆದೇ ಇತ್ತು.

ಆ ಗುಂಡಿಯ ಪಕ್ಕ ಅಂದು ಬೆಳಿಗ್ಗೆಯಿಂದ ನೂರಾರು ಜನ ಮೂಗು ಹಿಡಿದು ದಾಟಿ ಹೋಗಿದ್ದರು. ಅವರಲ್ಲಿ ಯಾರೂ ಹನಿ ಹಾಕಿಸಿಕೊಂಡವರಲ್ಲ.