ಮಲ್ಲಿಗೆ ವಾಸನೆಯ ಕಂಬಳಿ

"ಫ್ರಂಟ್ ಲೋಡಾ, ಟಾಪ್ ಲೋಡಾ?" ದುರುಗಕ್ಕ ಅಂಗಡಿಯ ಒಳಗಿನಿಂದಲೇ ಕೇಳಿದಳು.

"ಫ್ರಂಟ್ ಲೋಡು. ಪೌಡರ್ ಬೇಡ ಅಕ್ಕಾ, ಲಿಕ್ವಿಡ್ ಕೊಡ್ರಿ. ನೊರೆ ಕಡಿಮೆ ಬರಬೇಕು," ಅಂದಳು ಪುಷ್ಪಾ.

"ಅಯ್ಯ ಇವಳೇ! ಐದನೇ ಕ್ಲಾಸಿಗೇ ಎಷ್ಟು ತಿಳ್ಕೊಂಡೀಯೇ!"

ಪುಷ್ಪಾ ಬೀಗಿದಳು. ಬೀಗದೆ ಇರುತ್ತಾಳೆಯೇ? ಜಗಳೂರಿನ ಅವರ ಮನೆಗೆ ವಾಷಿಂಗ್ ಮಷಿನ್ ಬಂದ ದಿನ ಅಮ್ಮ ಬಕೆಟ್‌ಗೆ ಹಾಕುವ ಪೌಡರನ್ನೇ ಹಿಡಿ ಹಿಡಿ ಸುರಿದಿದ್ದಳು. ನೊರೆ ಉಕ್ಕಿ, ಬಚ್ಚಲು ದಾಟಿ, ಅಡುಗೆಮನೆಗೇ ಬಂದುಬಿಟ್ಟಿತ್ತು. ಅವತ್ತಿನಿಂದ ಬಾಟಲಿಯ ಹಿಂದೆ ಮುಂದೆ ಬರೆದದ್ದನ್ನು ಓದಿ, ಮಷಿನ್‌ಗೆ ಸರಿಯಾದದ್ದನ್ನೇ ಆರಿಸಿ ತರುವ ಕೆಲಸ ಪುಷ್ಪಾಳದು.

ದುರುಗಕ್ಕ ಎರಡು ಬಾಟಲಿ ತಂದಿಟ್ಟಳು. "ಎರಡೂ ನಿಮ್ಮ ಮಷಿನ್‌ಗೆ ಆಗ್ತವೆ. ಇದಕ್ಕೆ ವಾಸನೆ ಇಲ್ಲ. ಇದು ಮಲ್ಲಿಗೆ, ಘಮ್ ಅಂತೈತೆ."

ಪುಷ್ಪಾ ಮುಚ್ಚಳ ತೆಗೆದು ಮೂಸಿದಳು. "ಮಲ್ಲಿಗೆದೇ ಕೊಡ್ರಿ."

ಏನು ಒಗೆಯಾಕೆ ಅಂತ ದುರುಗಕ್ಕ ಕೇಳಲಿಲ್ಲ. ಪುಷ್ಪಾ ಹೇಳಲೂ ಇಲ್ಲ.

ಒಗೆಯಬೇಕಾಗಿದ್ದದ್ದು ಅಜ್ಜನ ಕಂಬಳಿ. ಅಜ್ಜ ಬೀರಲಿಂಗಪ್ಪ ಸೊಕ್ಕೆ ಹಳ್ಳಿಯಲ್ಲಿ ಜೀವಮಾನವೆಲ್ಲ ಕುರಿ ಕಾಯ್ದವನು. ಮಂಡಿ ಹಿಡಿದುಕೊಂಡ ಮೇಲೆ ಕುರಿಗಳನ್ನೆಲ್ಲ ತಮ್ಮನ ಮಗ ಕೆಂಚೇಶನಿಗೆ ಒಪ್ಪಿಸಿ ಜಗಳೂರಿಗೆ ಬಂದ. ಬರುವಾಗ ಹೆಗಲ ಮೇಲೆ ಈ ಕಂಬಳಿ ಇತ್ತು. ತನ್ನದೇ ಕುರಿಗಳ ಕಪ್ಪು ಉಣ್ಣೆಯಲ್ಲಿ ನೇಯಿಸಿದ್ದು. ಹುಣಸೆ ಬೀಜದ ಗಂಜಿ ಹಾಕಿ ಸೆಟೆಸಿದ್ದು. ಮಳೆ ಬಿದ್ದರೂ ನೀರು ಮೇಲೆಯೇ ಜಾರಿ ಹೋಗುತ್ತಿತ್ತು. ಅದಕ್ಕೆ ಕುರಿ ವಾಸನೆ, ಹೊಗೆ ವಾಸನೆ. ಒಗೆಯಾಕೆ ಮಾತ್ರ ಅಜ್ಜ ಯಾರಿಗೂ ಕೊಡುತ್ತಿರಲಿಲ್ಲ.

ಚಳಿ ಬಂದರೆ ಪುಷ್ಪಾ ಸ್ವೆಟರ್ ಸಮೇತ ಅದರೊಳಗೇ ನುಗ್ಗಿ ಮಲಗುತ್ತಿದ್ದಳು. ಹೋದ ವಾರದವರೆಗೂ ಅದರಲ್ಲಿ ಏನೂ ತಪ್ಪಿರಲಿಲ್ಲ.

ಹೋದ ವಾರ ಪಕ್ಕದಲ್ಲಿ ಕೂರುವ ಪ್ರೇಮಲತಾ ಮೂಗು ಹಿಡಿದುಕೊಂಡು, "ಥೂ, ನಿನ್ ಸ್ವೆಟರ್ ಕುರಿ ವಾಸನೆ ಕಣೇ!" ಅಂದುಬಿಟ್ಟಳು. ಇಡೀ ಬೆಂಚು ದೂರ ಸರಿಯಿತು. ಯಾರೋ ಹಿಂದಿನಿಂದ "ಬ್ಯಾ..." ಅಂದರು. ಪುಷ್ಪಾ ಊಟದ ಬೆಲ್ ಹೊಡೆಯುವವರೆಗೂ ತಲೆ ಎತ್ತಲಿಲ್ಲ. ಅಂಥ ಅವಮಾನ ಅವಳಿಗೆ ಎಂದೂ ಆಗಿರಲಿಲ್ಲ.

ಶನಿವಾರ ಮಧ್ಯಾಹ್ನ ಅಜ್ಜ ಕಟಿಂಗ್ ಮಾಡಿಸಾಕೆ ಹೋಗಿದ್ದ. ಮಾರನೇ ದಿನ ಸೊಕ್ಕೆಗೆ ಹೋಗಬೇಕಿತ್ತು. ಕೆಂಚೇಶ್ ಚಿಕ್ಕಪ್ಪ ಸೋಮವಾರ ಕುರಿ ಹೊಡೆದುಕೊಂಡು ಹೊನ್ನಾಳಿ ಕಡೆಗೆ ಹೊರಡುವವನಿದ್ದ. ಅಲ್ಲಿ ಕೊಯ್ಲಾದ ಭತ್ತದ ಗದ್ದೆಗಳಲ್ಲಿ ಕುರಿ ಮೇಯಿಸಿ, ವಾಪಸ್ ಬರುವುದು ಮುಂಗಾರಿಗೇ.

"ಹೋಗೋದ್ರೊಳಗೆ ಚುಕ್ಕಿನ ಒಂದ್ಸಲ ನೋಡ್ಬೇಕವ್ವ. ಬರೋ ಹೊತ್ತಿಗೆ ನಾನು ಇರ್ತೀನೋ ಇಲ್ವೋ," ಅಂತ ಅಜ್ಜನದು ವಾರದಿಂದ ಒಂದೇ ಜಪ.

ಚುಕ್ಕಿ ಅಂದರೆ ಹಣೆಯಲ್ಲಿ ಬಿಳಿ ಬೊಟ್ಟಿನ ಕಪ್ಪು ಕುರಿ. ಹುಟ್ಟಿದ ದಿನವೇ ತಾಯಿ ಸತ್ತಿತ್ತು. ಅಜ್ಜ ಮರಿಯನ್ನು ಈ ಕಂಬಳಿಯಲ್ಲೇ ಸುತ್ತಿಕೊಂಡು ಬಾಟಲಿ ಹಾಲು ಕುಡಿಸಿ ಬದುಕಿಸಿದ್ದ. ದೊಡ್ಡದಾದರೂ ಅದಕ್ಕೆ ಬುದ್ಧಿ ಬಂದಿರಲಿಲ್ಲ. ಅಜ್ಜ ಹೋದಾಗಲೆಲ್ಲ ಓಡಿಬಂದು ಕಂಬಳಿಯೊಳಗೆ ಮುಖ ತೂರಿಸಿ ನಿಂತುಬಿಡುತ್ತಿತ್ತು. ಅಜ್ಜನೂ ಹಾಗೇ ಕೂತುಬಿಡುತ್ತಿದ್ದ, ಬಸ್ಸಿನ ನೆನಪೇ ಇಲ್ಲದೆ.

ಅಜ್ಜ ಘಮ್ ಅಂತ ಹೋಗಲಿ, ತನ್ನ ಸ್ವೆಟರ್ ಕಾಟವೂ ತಪ್ಪಲಿ ಅಂದುಕೊಂಡ ಪುಷ್ಪಾ ಕಂಬಳಿಯನ್ನು ಮಷಿನ್‌ಗೆ ತುರುಕಿದಳು. ಬಿಸಿನೀರಿನ ಬಟನ್ ಒತ್ತಿದಳು. ಸ್ವೆಟರನ್ನೂ ಜೊತೆಗೇ ಹಾಕಿದಳು. ನೊರೆ ಉಕ್ಕಲಿಲ್ಲ, ಒಂದು ಹನಿಯೂ ಸೋರಲಿಲ್ಲ. ಗಾಜಿನ ಬಾಗಿಲಾಚೆ ಕಂಬಳಿ ಉರುಳುತ್ತಿದ್ದರೆ ಇವಳು ಎದುರಿಗೆ ಚಕ್ಕಳ ಮಕ್ಕಳ ಹಾಕಿ ಕೂತು ನೋಡಿದಳು.

ಹೊರಗೆ ತೆಗೆದಾಗ ಕಂಬಳಿ ಮೆತ್ತಗಿತ್ತು. ಸ್ವಲ್ಪ ಗಿಡ್ಡವೂ ಆಗಿತ್ತು. ಆದರೆ ವಾಸನೆ? ಬರೀ ಮಲ್ಲಿಗೆ!

ಅಜ್ಜ ಬಂದವನು ತಾರಸಿಯ ತಂತಿಯ ಮೇಲೆ ಅದನ್ನು ನೋಡಿ ನಿಂತುಬಿಟ್ಟ. ಹತ್ತಿರ ಹೋಗಿ ಮುಟ್ಟಿದ. ಮೂಸಿದ.

"ಯಾರು ಮಗಾ ಒಗೆದಿದ್ದು?"

"ನಾನೇ ಅಜ್ಜ! ಮಷಿನ್‌ಗೆ ಸರಿಯಾದ್ದೇ ಲಿಕ್ವಿಡ್ ಹಾಕಿದ್ದು. ಹೆಂಗೈತೆ?"

ಅಜ್ಜ ಅವಳ ಮುಖ ನೋಡಿದ. "ಚೆನ್ನಾಗೈತೆ ಬಿಡವ್ವ," ಅಂದ. ಆಮೇಲೆ ಗಿಡ್ಡವಾದ ಅಂಚನ್ನು ಬೆರಳಲ್ಲಿ ಎಳೆದೆಳೆದು ನೋಡಿದ.

ಭಾನುವಾರ ಅಜ್ಜ ಮೊಮ್ಮಗಳು ಸೊಕ್ಕೆಯಲ್ಲಿ ಬಸ್ ಇಳಿದು ಹೊಲದ ದಾರಿ ಹಿಡಿದರು. ಕುರಿಮಂದೆ ಜಾಲಿ ಮರದ ಹತ್ತಿರ ಮೇಯುತ್ತಿತ್ತು. ಅಜ್ಜನ ಹೆಜ್ಜೆ ತಾನಾಗಿಯೇ ಜೋರಾಯಿತು, ಮಂಡಿ ನೋವು ಎಲ್ಲಿ ಹೋಯಿತೋ! ಕಲ್ಲಿನ ಮೇಲೆ ಕೂತು ಕಂಬಳಿ ಹರಡಿಕೊಂಡು ಕೂಗಿದ. "ಚುಕ್ಕೀ... ಬಾರೇ..."

ಮಂದೆಯೊಳಗಿಂದ ಒಂದು ತಲೆ ಎದ್ದಿತು. ಬಿಳಿ ಬೊಟ್ಟು! ಚುಕ್ಕಿ ನುಗ್ಗಿ ಓಡಿಬಂತು. ಬಂದು, ಎಂದಿನಂತೆ ಕಂಬಳಿಗೆ ಮುಖ ತಂದಿತು.

ತಕ್ಷಣ ಸೀನಿತು. ತಲೆ ಒದರಿ ಮತ್ತೊಮ್ಮೆ ಸೀನಿತು. ಎರಡು ಹೆಜ್ಜೆ ಹಿಂದೆ ಸರಿದು ಅಜ್ಜನನ್ನು ದಿಟ್ಟಿಸಿತು.

"ನಾನೇ ಕಣೇ," ಅಂದ ಅಜ್ಜ, ಕೈ ಚಾಚಿ.

ಚುಕ್ಕಿ ಹಿಂದಿರುಗಿ ಮಂದೆಯೊಳಗೆ ಹೋಯಿತು. ಅಜ್ಜ ಮತ್ತೆ ಕೂಗಿದ. ಅದು ತಲೆ ಎತ್ತಿತು, ಆದರೆ ಬರಲಿಲ್ಲ.

"ಏನ್ ದೊಡ್ಡಪ್ಪಾ, ಸೆಂಟು ಹೊಡ್ಕೊಂಡು ಬಂದೀರಿ? ಮದುವಣಿಗ ಆಗೀರಿ ಬಿಡ್ರಿ!" ಕೆಂಚೇಶ್ ಚಿಕ್ಕಪ್ಪ ನಕ್ಕ.

ಅಜ್ಜನೂ ನಕ್ಕ. ಚಾಚಿದ್ದ ಕೈಯನ್ನು ಮೆಲ್ಲಗೆ ಮಡಿಲಿಗೆ ತಂದುಕೊಂಡ. "ಅದಕ್ಕೂ ವಯಸ್ಸಾತು ಕಣಪ್ಪ. ಮರೆವು," ಅಂದ.

ಚುಕ್ಕಿಗೆ ವಯಸ್ಸಾಗಿರಲಿಲ್ಲ. ಅದು ಪುಷ್ಪಾಳಿಗೂ ಗೊತ್ತಿತ್ತು, ಅಜ್ಜನಿಗೂ ಗೊತ್ತಿತ್ತು. ಅಜ್ಜ ಯಾಕೆ ಹಾಗೆ ಹೇಳಿದ ಅನ್ನುವುದೂ ಅವಳಿಗೆ ಗೊತ್ತಾಯಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೊರಡುವ ಹೊತ್ತಾದರೂ ಚುಕ್ಕಿ ಬರಲಿಲ್ಲ. ಅಜ್ಜ ಎದ್ದು ಕಂಬಳಿ ಮಡಚುತ್ತಿದ್ದ. ಪುಷ್ಪಾ ಒಮ್ಮೆಲೇ ಮಂದೆಯ ಕಡೆ ಓಡಿದಳು. ಕುರಿಗಳು ಚೆಲ್ಲಾಪಿಲ್ಲಿಯಾದವು. ಚಿಕ್ಕಪ್ಪ "ಏಯ್ ಪುಷ್ಪೀ!" ಅಂತ ಕೂಗಿದ. ಅವಳು ಚುಕ್ಕಿಯ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡಳು. ಅದು ಕೊಸರಾಡಿದರೂ ಬಿಡಲಿಲ್ಲ. ಕೆನ್ನೆ, ಕೂದಲು, ಸ್ವೆಟರಿನ ಎದೆ, ಎರಡೂ ತೋಳು, ಎಲ್ಲವನ್ನೂ ಆ ಉಣ್ಣೆಗೆ ಒತ್ತಿ ಒತ್ತಿ ಉಜ್ಜಿಕೊಂಡಳು. ಉಜ್ಜುತ್ತಾ ಉಜ್ಜುತ್ತಾ ಅಳು ಬಂತು.

ವಾಪಸ್ ಬಸ್ಸಿನಲ್ಲಿ ಅಜ್ಜ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಕಂಬಳಿ ತೊಡೆಯ ಮೇಲಿತ್ತು. ಪುಷ್ಪಾ ಅದನ್ನು ಪಕ್ಕಕ್ಕೆ ಸರಿಸಿ ಅವನಿಗೆ ಒತ್ತಿಕೊಂಡು ಕೂತಳು, ತಲೆಯನ್ನು ಎದೆಗೆ ಆನಿಸಿ. ಎದುರು ಸೀಟಿನ ಹೆಂಗಸು ಮುಖ ಕಿವುಚಿ ಸೆರಗನ್ನು ಮೂಗಿಗೆ ಹಿಡಿದಳು. ಪುಷ್ಪಾ ಅತ್ತ ನೋಡಲೇ ಇಲ್ಲ.

ಅಜ್ಜ ಕಿಟಕಿಯಿಂದ ಮುಖ ತಿರುಗಿಸಿದ. ಒಂದು ಸಲ ಉಸಿರೆಳೆದುಕೊಂಡ. ಆಮೇಲೆ ಮೆಲ್ಲಗೆ ಬಾಗಿ, ಅವಳ ಹೆಗಲಿಗೆ ಮುಖವಿಟ್ಟುಕೊಂಡ.

ಸ್ವೆಟರ್ ಒದ್ದೆಯಾಗುತ್ತಿದ್ದದ್ದು ಅವಳಿಗೆ ಗೊತ್ತಾಯಿತು. ಜಗಳೂರು ಬರುವವರೆಗೂ ಅವಳು ಅಲುಗಾಡಲಿಲ್ಲ.